ಮೇಕೆದಾಟಿನಲ್ಲಿ ಒಂದು ಛಾಯಾಚಿತ್ರ

ಕನಕಪುರ ತಾಲ್ಲೂಕಿನ ಅಂಚಿನಲ್ಲಿ ಕಾವೇರಿಯು ಅರ್ಕಾವತಿಯನ್ನು ಕೂಡಿಕೊಂಡು ಸುಮಾರು 4 ಕಿಲೋಮೀಟರು ಮುಂದೆ ಸಾಗಿದ ಮೇಲೆ, ಅಲ್ಲಿಯವರೆಗೂ ವಿಶಾಲವಾಗಿ ಹರಡಿದ್ದ ತನ್ನ ಮೈಯನ್ನೆಲ್ಲ ಕುಗ್ಗಿಸಿಕೊಂಡು ಹೆಬ್ಬಂಡೆಗಳ ಸೀಳೊಂದರೊಳಗೆ ನುಗ್ಗುವಳು. ಹುಲಿಗೆ ಹೆದರಿದ ಮೇಕೆಯೊಂದು ಈ ಸೀಳನ್ನು ಒಂದೇ ನೆಗೆತಕ್ಕೆ ದಾಟಿತೆಂಬ ಐತಿಹ್ಯದಿಂದ ಸ್ಥಳಕ್ಕೆ ಮೇಕೆದಾಟು ಎಂಬ ಹೆಸರು ಬಂದಿರುವುದು. ಚನ್ನಪಟ್ಟಣ, ರಾಮನಗರ, ಮಾಗಡಿಗಳ ಕಡೆಯ ಗೃಹಸ್ಥರಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯದವರು ವಿರಳವೆಂದೇ ಹೇಳಬೇಕು.

ಮಾಘಮಾಸದ ಒಂದು ಭಾನುವಾರ ನಾವೂ ಮೊಮ್ಮಗನೊಡನೆ ಹೊರಟೆವು. ಸಂಗಮದಲ್ಲಿ ಅರ್ಕಾವತಿಯನ್ನು ದಾಟಿ, ಆಚೆಯ ದಡದಲ್ಲಿ ಕಾದಿದ್ದ ಹಳೆಯ ಬಸ್ಸನ್ನೇರಿ, ಮೈಯ ಕೀಲುಗಳೆಲ್ಲ ಸಡಿಲವಾಗುವಂತೆ ಕುಲುಕಿಸಿಕೊಂಡು ಕಂದರವನ್ನು ಸೇರುವಾಗ ಮಧ್ಯಾಹ್ನವಾಗಿತ್ತು. ಬಂಡೆಗಳ ಮೇಲೆ ಜಾತ್ರೆಯೇ ನೆರೆದಿತ್ತು. ಹೊಸ ಕ್ಯಾಮೆರಾ ತಂದಿದ್ದ ಹುಡುಗನ ಮುಖ ಬಾಡಿತು.

“ತಾತ, ಇಷ್ಟು ಜನರ ನಡುವೆ ಏನು ಚಿತ್ರ ತೆಗೆಯಲಿ?”

ಅವನ ಮನಸ್ಸಿನಲ್ಲಿ ಅಮೆರಿಕದ ಅರಿಜೋನಾ ಪ್ರಾಂತದ ಆಂಟಿಲೋಪ್ ಕಂದರದ ಚಿತ್ರ ನೆಲೆಸಿತ್ತು. ಮರುಭೂಮಿಯ ಮರಳುಗಲ್ಲನ್ನು ಮಳೆಯ ಪ್ರವಾಹ ಕೊರೆದು ಮಾಡಿದ ಇಕ್ಕಟ್ಟಾದ ಓಣಿಯದು. ನವಾಹೋ ಜನರ ಸೀಮೆಗೆ ಸೇರಿದುದು. ಮಾರ್ಗದರ್ಶಕನಿಲ್ಲದೆ ಯಾರಿಗೂ ಪ್ರವೇಶವಿಲ್ಲ. ಚಿತ್ರಗಳಲ್ಲಿ ನರಪಿಳ್ಳೆಯೂ ಕಾಣುವುದಿಲ್ಲವಾದರೂ, ಚಿತ್ರ ತೆಗೆಯುವವನ ಬೆನ್ನ ಹಿಂದೆ ಜನ ಒಬ್ಬರನ್ನೊಬ್ಬರು ನೂಕುತ್ತ ನಿಂತಿರುವರು. ಚಿತ್ರವು ಹೇಳದಿರುವ ಮಾತು ಎಷ್ಟಿರುವುದೆಂಬುದು ಆಲೋಚಿಸತಕ್ಕ ವಿಷಯ.

ಜನಸಂದಣಿಯನ್ನು ಚಿತ್ರದಿಂದ ಅಳಿಸುವ ಉಪಾಯ ಈ ಕಲೆಯ ಹುಟ್ಟಿನೊಡನೆಯೇ ಹುಟ್ಟಿತು. 1838ರಲ್ಲಿ ಡಾಗೇರ್ ಎಂಬುವನು ಪ್ಯಾರಿಸ್ ನಗರದ ಬೀದಿಯೊಂದರ ಚಿತ್ರ ತೆಗೆದನು. ಬೆಳಕನ್ನು ನಿಮಿಷಗಟ್ಟಲೆ ಗ್ರಹಿಸಬೇಕಾಗಿದ್ದುದರಿಂದ ಓಡಾಡುತ್ತಿದ್ದ ಬಂಡಿಗಳೂ ಜನರೂ ಮಾಯವಾಗಿ, ಪಾದರಕ್ಷೆಗೆ ಮೆರುಗು ಹಾಕಿಸಿಕೊಳ್ಳುತ್ತ ಒಂದೆಡೆ ನಿಂತಿದ್ದ ಮನುಷ್ಯನೇ ಮುಖ್ಯವಾಗಿ ಉಳಿದನು. ಇಂದೂ ಲೆನ್ಸಿಗೆ ಕಪ್ಪು ಫಿಲ್ಟರು ತೊಡಿಸಿ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿ, ಷಟರನ್ನು ಬಹಳ ಹೊತ್ತು ತೆರೆದಿಟ್ಟರೆ ನಡೆದಾಡುವವರು ಕರಗಿಹೋಗುವರು. ನೊರೆನೀರು ರೇಷ್ಮೆಯ ಸೆರಗಿನಂತಾಗುವುದು. ಆದರೆ ಮೇಕೆದಾಟಿನಲ್ಲಿ ಜನರು ನಡೆಯುವುದೇ ಇಲ್ಲವಲ್ಲ! ನಿಂತು ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳುತ್ತಿರುವರು.

ಬೆಳಕಿನದು ಇನ್ನೊಂದು ತೊಡಕು. ನಡುಹಗಲಿನಲ್ಲಿ ಬಂಡೆಯ ನೆತ್ತಿ ಕಣ್ಣು ಕುಕ್ಕುವುದು, ಸೀಳಿನ ಒಡಲು ಕಪ್ಪಾಗಿರುವುದು. ನಮ್ಮ ಕಣ್ಣು ಎರಡನ್ನೂ ಹೊಂದಿಸಿಕೊಂಡು ನೋಡಬಲ್ಲುದು. ಕ್ಯಾಮೆರಾಕ್ಕೆ ಆ ಶಕ್ತಿ ಕಡಮೆ. ಆದಕಾರಣ ಆಕಾಶವನ್ನು ಚೌಕಟ್ಟಿನಿಂದ ಹೊರಗಿಟ್ಟು, ಬೆಳ್ಳಗಿರುವ ಬಂಡೆಗೆ ತಕ್ಕಂತೆ ಬೆಳಕನ್ನು ತಗ್ಗಿಸಿಕೊಳ್ಳಬೇಕು. ಮೋಡವೊಂದು ಸೂರ್ಯನಿಗೆ ಅಡ್ಡ ಬರುವವರೆಗೆ ಕಾಯುವುದು ಇನ್ನೂ ಉತ್ತಮ.

ನಾವು ಕಾದೆವು. ಅಷ್ಟರಲ್ಲಿ ಯುವಕನೊಬ್ಬನು ನೀರಿಗೆ ಬೆನ್ನು ಮಾಡಿ, ಕೈಯೆತ್ತಿ ಹಿಡಿದ ಫೋನನ್ನೇ ನೋಡುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದನು. ಅಲ್ಲಿದ್ದ ಮುದುಕರೊಬ್ಬರು “ಈಚೆ ಬಾರಪ್ಪ, ಬಾ!” ಎಂದು ಕೂಗಿ ರಟ್ಟೆ ಹಿಡಿದು ಎಳೆದುಕೊಂಡರು. ಅವನು ನಕ್ಕನು. ನಮಗೆ ಕೈಕಾಲು ತಣ್ಣಗಾಗಿದ್ದವು.

ಇಲ್ಲಿಯ ಬಂಡೆಯ ಸ್ವಭಾವವನ್ನು ಗೃಹಸ್ಥರು ತಿಳಿದಿರಬೇಕು. ಸುಳಿಯಲ್ಲಿ ಸಿಕ್ಕಿದ ಮರಳೂ ಬೆಣಚುಕಲ್ಲೂ ಯುಗಯುಗಾಂತರಗಳಿಂದ ಗಿರಗಿರನೆ ತಿರುಗಿ ಬಂಡೆಯಲ್ಲಿ ಒರಳಿನಂಥ ಗುಣಿಗಳನ್ನು ಕೊರೆದಿರುವುವು. ನೀರು ಮಾಡಿದ ನುಣುಪಿನ ಮೇಲೆ ಕಾಲು ನಿಲ್ಲದು. ಜಾರಿಬಿದ್ದು ಪ್ರಾಣ ಕಳೆದುಕೊಂಡವರು ಹಲವರು. ಮಳೆಗಾಲದಲ್ಲಿ ಮತ್ತೊಂದು ಭಯ: ಕನಕಪುರದಲ್ಲಿ ಬಿಸಿಲಿದ್ದರೂ, ಕೊಡಗು ವೈನಾಡುಗಳಲ್ಲಿ ಮಳೆ ಸುರಿದು ಕನ್ನಂಬಾಡಿ, ಕಬಿನಿ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಇಲ್ಲಿ ಪ್ರವಾಹವೇರುವುದು. ಆಂಟಿಲೋಪ್ ಕಂದರದಲ್ಲಿಯೂ 1997ರ ಆಗಸ್ಟ್ 12ರಂದು ಎಲ್ಲಿಯೋ ದೂರದಲ್ಲಿ ಬಿದ್ದ ಮಳೆಯ ನೀರು ಹಠಾತ್ತಾಗಿ ನುಗ್ಗಿ 11 ಮಂದಿ ಪ್ರವಾಸಿಗಳು ತೀರಿಕೊಂಡರು.

ಇದನ್ನೆಲ್ಲ ಹೇಳಿ, ಅಂಚಿನಿಂದ ಬಹುದೂರ, ಒಣಬಂಡೆಯ ಮೇಲೆ ಮೊಮ್ಮಗನನ್ನು ಕುಳ್ಳಿರಿಸಿದೆವು. ಅಲ್ಲಿಂದಲೇ ಲೆನ್ಸು ತಿರುಗಿಸಿ ಸೀಳನ್ನು ಹತ್ತಿರಕ್ಕೆ ತಂದುಕೊಳ್ಳಬಹುದೆಂಬುದು ಅವನಿಗೇ ತಿಳಿದಿತ್ತು. ಮನಸ್ಸು ಒಪ್ಪಿರಲಿಲ್ಲ, ಅಷ್ಟೆ. ಮೂರು ಗಂಟೆಯ ಸುಮಾರಿಗೆ ಮೋಡ ಬಂದಿತು. ಬಂಡೆಯ ಪದರಗಳೆಲ್ಲ ಒಮ್ಮೆಗೇ ಮೂಡಿ ತೋರಿದುವು. ಅದೇ ಸಮಯಕ್ಕೆ ಹಳದಿ ಸೀರೆಯ ಹೆಂಗಸೊಬ್ಬಳು, ಕಂಕುಳಲ್ಲಿ ಕೂಸು, ದೂರದ ಬಂಡೆಯ ಮೇಲೆ ನಮಗೆ ಬೆನ್ನಾಗಿ ನಿಂತಳು.

“ಅವರು ಹೋಗಲಿ ತಾತ, ಆಮೇಲೆ ತೆಗೆಯುತ್ತೇನೆ.”

“ಈಗಲೇ ತೆಗೆ, ಮಗು” ಎಂದೆವು.

ಆ ಚಿತ್ರ ಈಗ ನಮ್ಮ ನಡುಮನೆಯಲ್ಲಿದೆ. ನೋಡಲು ಬಂದವರು ಮೊದಲು ಬೆರಳಿನಷ್ಟೇ ಇರುವ ಹಳದಿ ಸೀರೆಯನ್ನು ಕಾಣುವರು, ಆಮೇಲೆ ತಲೆಯೆತ್ತಿ ಬಂಡೆಯನ್ನು ನೋಡಿ, “ಅಬ್ಬ, ಇಷ್ಟು ದೊಡ್ಡದೇ!” ಎನ್ನುವರು.