ಆಂಪ್ಲಿಫೈಯರು ಬದಲಿಸುವ ಮುನ್ನ

ನಮ್ಮ ವಾಚನಾಲಯಕ್ಕೆ ದಿನವೂ ಸಂಜೆ ಪತ್ರಿಕೆ ಓದಲು ಬರುವ ಮಿತ್ರರೊಬ್ಬರು, ಹೋದ ದೀಪಾವಳಿಯ ಬೋನಸು ಕೈಗೆ ಬಂದ ವಾರವೇ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಹೊಸದೊಂದು ಆಂಪ್ಲಿಫೈಯರನ್ನು ಕೊಂಡುತಂದರು. ಅವರು ಗದಗಿನ ಕಡೆಯವರು. ಇಲ್ಲಿಯ ಒಂದು ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅಣ್ಣನಿಂದ ಬಂದ ಒಂದು ಜೊತೆ ಸ್ಪೀಕರುಗಳೂ ಒಂದು ಸಣ್ಣ ಹಳೆಯ ಆಂಪ್ಲಿಫೈಯರೂ ಇದ್ದವು. ಊರಿನಿಂದ ಬಂದಿದ್ದ ತಾಯಿಗೆ ಭೀಮಸೇನ ಜೋಶಿಯವರು ಹಾಡಿದ ದಾಸರ ಪದಗಳನ್ನು ಹಾಕಿದಾಗ ಆಕೆ, “ಅವರ ದನಿ ಇಷ್ಟು ತೆಳ್ಳಗ ಇಲ್ಲೋ ಯಪ್ಪಾ” ಎಂದರಂತೆ. ಆ ಮಾತು ಮಗನ ಮನಸ್ಸಿಗೆ ನಾಟಿತು. ಊರಿನ ಮನೆಯ ಹೆಂಚು ಬದಲಿಸಲು ಕಳಿಸಬೇಕೆಂದಿದ್ದ ಹಣದಲ್ಲಿ ಅರ್ಧ ಆಂಪ್ಲಿಫೈಯರಿಗೆ ಹೋಯಿತು.

ಎರಡು ದಿನ ಕಳೆದ ಮೇಲೆ ಬಂದು, “ರಾಯರ, ಹೊಸಾದು ತಂದ ಮ್ಯಾಲೂ ಹಾಡು ಹಂಗ ತೆಳ್ಳಗ ಕೇಳಸ್ತದಲ್ರೀ!” ಎಂದು ತಲೆಯ ಮೇಲೆ ಕೈ ಹೊತ್ತು ಕುಳಿತರು. ಭಾನುವಾರ ಅವರ ಮನೆಗೆ ಹೋಗಿ ನೋಡಿದೆ. ದೋಷವಿದ್ದುದು ಆಂಪ್ಲಿಫೈಯರಿನಲ್ಲಿ ಅಲ್ಲ. ಎಡಗಡೆಯ ಸ್ಪೀಕರಿನ ತಂತಿಗಳು ಅದಲುಬದಲಾಗಿದ್ದವು. ಕೆಂಪಿಗೆ ಕಪ್ಪು, ಕಪ್ಪಿಗೆ ಕೆಂಪು. ಹೀಗಾದಾಗ ಒಂದು ಸ್ಪೀಕರಿನ ಪೊರೆ ಮುಂದಕ್ಕೆ ಬರುವ ಹೊತ್ತಿಗೆ ಇನ್ನೊಂದರದು ಹಿಂದಕ್ಕೆ ಹೋಗುತ್ತದೆ. ಗಾಳಿಯ ಅಲೆಗಳು ಒಂದನ್ನೊಂದು ಕೊಂದುಕೊಳ್ಳುತ್ತವೆ. ಗಂಭೀರ ಸ್ವರಗಳು ಮಾಯವಾಗುತ್ತವೆ. ಹಾಡುವವರು ನಡುವೆ ಕುಳಿತಂತೆ ಕೇಳಿಸದೆ ಎಲ್ಲಿಂದಲೋ ಬಂದಂತೆ ಕೇಳಿಸುತ್ತದೆ. ಎರಡು ನಿಮಿಷದ ಕೆಲಸಕ್ಕೆ ಅರ್ಧ ಬೋನಸು ಸಂದಿತ್ತು. ಇಂಥದು ಇನ್ನೊಬ್ಬರಿಗೆ ಆಗಬಾರದೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಆಂಪ್ಲಿಫೈಯರಿನ ಕೆಲಸವೇನು?

ಫೋನು, ಸಿ.ಡಿ. ಯಂತ್ರ, ರೇಡಿಯೋ ಇವುಗಳಿಂದ ಹೊರಡುವ ವಿದ್ಯುತ್ ಸಂಕೇತ ಬಹು ದುರ್ಬಲ. ಸ್ಪೀಕರಿನ ಸುರುಳಿಯನ್ನು ಅಲುಗಾಡಿಸಲು ಅದಕ್ಕೆ ಶಕ್ತಿ ಸಾಲದು. ಆಂಪ್ಲಿಫೈಯರು ಮನೆಯ 230 ವೋಲ್ಟಿನ ವಿದ್ಯುತ್ತಿನಿಂದ ಶಕ್ತಿಯನ್ನು ತೆಗೆದುಕೊಂಡು, ಆ ಸಂಕೇತದ ಆಕಾರಕ್ಕೆ ತಕ್ಕಂತೆ ಅದನ್ನು ಸ್ಪೀಕರಿಗೆ ಬಡಿಸುತ್ತದೆ. ಒಳ್ಳೆಯ ಆಂಪ್ಲಿಫೈಯರು ಒಳ್ಳೆಯ ಗುಮಾಸ್ತನಂತೆ: ಮೇಲಿನಿಂದ ಬಂದ ಬರಹವನ್ನು ದೊಡ್ಡ ಅಕ್ಷರದಲ್ಲಿ ನಕಲು ಮಾಡಬೇಕೇ ಹೊರತು ತನ್ನದೊಂದು ಮಾತನ್ನು ಸೇರಿಸಬಾರದು. ಸ್ಟೀರಿಯೋ ಎಂದರೆ ಎಡಕ್ಕೊಂದು ಬಲಕ್ಕೊಂದು, ಹೀಗೆ ಇಬ್ಬರು ಗುಮಾಸ್ತರು ಒಂದೇ ಪೆಟ್ಟಿಗೆಯಲ್ಲಿ ಕುಳಿತಿರುವರು ಎಂದರ್ಥ.

ವ್ಯಾಟಿನ ಲೆಕ್ಕ

ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ “ಎಷ್ಟು ವ್ಯಾಟು?” ಎಂಬುದು. 30 ವ್ಯಾಟಿನದನ್ನು ಬಿಟ್ಟು 60 ವ್ಯಾಟಿನದನ್ನು ತಂದರೆ ಧ್ವನಿ ಎರಡು ಪಾಲಾಗುವುದೆಂದು ಅನೇಕರು ತಿಳಿದಿರುವರು. ನಮ್ಮ ಕಿವಿಯ ಲೆಕ್ಕ ಹಾಗಿಲ್ಲ. ಧ್ವನಿಯನ್ನು ಅಳೆಯುವುದು ಡೆಸಿಬೆಲ್ ಎಂಬ ಮಾನದಿಂದ. ವ್ಯಾಟು ಎರಡು ಪಾಲಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ‘ಸ್ವಲ್ಪ ಜೋರಾಯಿತು’ ಎನ್ನುವಷ್ಟೇ ವ್ಯತ್ಯಾಸ ಅದು. ಕಿವಿಗೆ ಸುಮಾರಾಗಿ ಎರಡು ಪಾಲು ಜೋರೆನಿಸಬೇಕಾದರೆ 10 ಡೆಸಿಬೆಲ್ ಬೇಕು. ಅದಕ್ಕೆ ವ್ಯಾಟು ಹತ್ತು ಪಾಲಾಗಬೇಕು. ಎಂದರೆ 30ರಿಂದ 300ಕ್ಕೆ ಏರಬೇಕು.

ಇನ್ನು ನಮ್ಮ ಕೋಣೆಗೆ ಬೇಕಾದುದೆಷ್ಟು? ಸ್ಪೀಕರಿನ ಹಿಂಬದಿಯಲ್ಲಿ ಅಥವಾ ಅದರ ಕಾಗದದಲ್ಲಿ ‘ಸೆನ್ಸಿಟಿವಿಟಿ’ ಎಂಬ ಅಂಕಿ ಇರುತ್ತದೆ. ಅದು 86 ಎಂದಿದ್ದರೆ, 1 ವ್ಯಾಟು ಕೊಟ್ಟಾಗ 1 ಮೀಟರು ದೂರದಲ್ಲಿ 86 ಡೆಸಿಬೆಲ್ ಕೇಳಿಸುವುದೆಂದು ಅರ್ಥ. ನೀವು 2 ಮೀಟರು ದೂರ ಕುಳಿತರೆ 6 ಕಳೆಯಿರಿ, ಉಳಿದದ್ದು 80. ಸ್ಪೀಕರು ಎರಡಿರುವುದರಿಂದ 3 ಕೂಡಿಸಿ; 83 ಆಯಿತು. ಇಬ್ಬರು ಎದುರುಬದುರು ಕುಳಿತು ಮಾತನಾಡುವ ಧ್ವನಿ ಸುಮಾರು 60 ಡೆಸಿಬೆಲ್. ಮನೆಯಲ್ಲಿ ಸುಖವಾಗಿ ಹಾಡು ಕೇಳಲು 75 ಧಾರಾಳವಾಯಿತು. ಅದಕ್ಕೆ ಬೇಕಾದುದು 1 ವ್ಯಾಟಿನ ಆರರಲ್ಲೊಂದು ಪಾಲು!

ಆದರೆ ಸಂಗೀತ ಒಂದೇ ಮಟ್ಟದಲ್ಲಿ ಹರಿಯುವುದಿಲ್ಲ. ತಬಲದ ಒಂದು ಪೆಟ್ಟು, ಗಾಯಕರ ಒಂದು ತಾರಸ್ವರ, ಸರಾಸರಿಗಿಂತ 15 ಡೆಸಿಬೆಲ್ ಮೇಲೆ ಹಾರಬಹುದು. ಆ ಕ್ಷಣಕ್ಕೆ ಸುಮಾರು 32 ಪಾಲು ಶಕ್ತಿ ಬೇಕು. ಆಗಲೂ ಲೆಕ್ಕ 5 ವ್ಯಾಟಿನ ಹತ್ತಿರ ನಿಲ್ಲುತ್ತದೆ. ಇನ್ನೂ ಜೋರಾಗಿ ಕೇಳುವವರಿಗೂ, ಹಳೆಯ ಧ್ವನಿಮುದ್ರಣಗಳ ಸಣ್ಣ ದನಿಯನ್ನು ಎತ್ತಿಕೊಳ್ಳುವುದಕ್ಕೂ ಅವಕಾಶವಿಟ್ಟರೂ, 10 ಅಡಿಗೆ 12 ಅಡಿಯ ಕೋಣೆಗೆ ಒಂದೊಂದು ಬದಿಗೆ 20ರಿಂದ 40 ನಿಜವಾದ ವ್ಯಾಟುಗಳು ಸಾಕು. ‘ನಿಜವಾದ’ ಎಂಬ ಮಾತನ್ನು ಬೇಕೆಂದೇ ಬರೆದಿದ್ದೇನೆ.

ಸುಳ್ಳು ವ್ಯಾಟುಗಳು

ಪೆಟ್ಟಿಗೆಯ ಮೇಲೆ ‘1000 ವ್ಯಾಟು ಪಿ.ಎಂ.ಪಿ.ಓ.’ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿರುವುದುಂಟು. ಈ ಪಿ.ಎಂ.ಪಿ.ಓ. ಎಂಬುದಕ್ಕೆ ಗೊತ್ತಾದ ಅಳತೆಯಿಲ್ಲ. ತಯಾರಿಸಿದವನು ಹೇಳಿದ್ದೇ ಲೆಕ್ಕ. ಅಮೆರಿಕದಲ್ಲಿ ಇಂಥ ಜಾಹೀರಾತುಗಳು ಮಿತಿಮೀರಿದಾಗ, ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಒಂದು ನಿಯಮವನ್ನು ತಂದು, ಮನೆಬಳಕೆಯ ಆಂಪ್ಲಿಫೈಯರು ಎಡೆಬಿಡದೆ ಕೊಡಬಲ್ಲ ವ್ಯಾಟನ್ನೂ, ಅದು ಎಷ್ಟು ಓಮಿಗೆ, ಎಷ್ಟು ವಿಕೃತಿಯೊಡನೆ ಎಂಬುದನ್ನೂ ತಿಳಿಸಬೇಕೆಂದು ಕಟ್ಟುಮಾಡಿತು. ನಾವೂ ಅದನ್ನೇ ಕೇಳಬೇಕು. ಅಂಗಡಿಯ ಭಾಷೆಯಲ್ಲಿ ಅದಕ್ಕೆ ‘ಆರ್.ಎಂ.ಎಸ್. ವ್ಯಾಟು’ ಎನ್ನುವರು.

ಕೈಯಗಲದ ಸಣ್ಣ ಆಂಪ್ಲಿಫೈಯರುಗಳು ಈಗ ಅಗ್ಗವಾಗಿ ಸಿಗುತ್ತವೆ. ಇವು ‘ಡಿ’ ವರ್ಗದವು. ಶಕ್ತಿಯನ್ನು ಬಿಸಿಯಾಗಿ ಕಳೆಯುವುದು ಕಡಿಮೆಯಾದ್ದರಿಂದ ಹಗುರವಾಗಿಯೂ ತಣ್ಣಗೂ ಇರುತ್ತವೆ. ‘ಎ-ಬಿ’ ವರ್ಗದವು ದೊಡ್ಡ ಟ್ರಾನ್ಸ್‌ಫಾರ್ಮರು, ಅಲ್ಯೂಮಿನಿಯಂ ರೆಕ್ಕೆಗಳೊಡನೆ ಭಾರವಾಗಿರುತ್ತವೆ. ಚೆನ್ನಾಗಿ ಮಾಡಿದ್ದರೆ ಎರಡೂ ಒಳ್ಳೆಯವೇ. ತೂಕ ನೋಡಿ ಬೆಲೆ ಕಟ್ಟಬೇಕಾಗಿಲ್ಲ. ಆದರೆ ಸಣ್ಣ ಪೆಟ್ಟಿಗೆಯನ್ನು ಕೊಳ್ಳುವಾಗ ಅದರ ಅಡಾಪ್ಟರನ್ನು ತಿರುಗಿಸಿ ನೋಡಿ. 12 ವೋಲ್ಟು, 3 ಆಂಪಿಯರು ಎಂದಿದ್ದರೆ ಗುಣಿಸಿ, 36 ವ್ಯಾಟಾಯಿತು. ಜಮಾ ಆಗುವುದೇ 36 ಆದರೆ ಖರ್ಚಿಗೆ 100 ಎಲ್ಲಿಂದ ಬಂದೀತು? ಅಷ್ಟೇ ಅಲ್ಲ, 12 ವೋಲ್ಟಿನಿಂದ ನಡೆಯುವ ಇಂಥ ಪೆಟ್ಟಿಗೆ 8 ಓಮಿನ ಸ್ಪೀಕರಿಗೆ ಒಂದು ಬದಿಗೆ ಸಾಮಾನ್ಯವಾಗಿ 9 ವ್ಯಾಟಿಗಿಂತ ಹೆಚ್ಚು ಶುದ್ಧವಾಗಿ ಕೊಡಲಾರದು. 24 ವೋಲ್ಟಾದರೆ 36ರವರೆಗೆ ಹೋಗಬಹುದು, ಅಡಾಪ್ಟರಿಗೆ ಅಷ್ಟು ಬಲವಿದ್ದರೆ.

ಓಮು ಹೊಂದಬೇಕು

ಸ್ಪೀಕರು ವಿದ್ಯುತ್ತಿಗೆ ಒಡ್ಡುವ ತಡೆಯನ್ನು ಓಮಿನಲ್ಲಿ ಹೇಳುವರು. ಮನೆಯ ಸ್ಪೀಕರುಗಳು ಬಹುಮಟ್ಟಿಗೆ 8, 6 ಅಥವಾ 4 ಓಮಿನವು. ಓಮು ಕಡಿಮೆಯಾದಷ್ಟೂ ಸ್ಪೀಕರು ಹೆಚ್ಚು ಕರೆಂಟನ್ನು ಎಳೆಯುತ್ತದೆ. ‘6ರಿಂದ 16 ಓಮು’ ಎಂದು ಬರೆದ ಆಂಪ್ಲಿಫೈಯರಿಗೆ 4 ಓಮಿನ ಸ್ಪೀಕರನ್ನು ಕಟ್ಟಿ ಜೋರಾಗಿ ನುಡಿಸಿದರೆ ಅದು ಕಾದು ನಿಂತುಹೋಗಬಹುದು, ಕೆಡಲೂಬಹುದು. 8 ಓಮಿನ ಎರಡು ಸ್ಪೀಕರುಗಳನ್ನು ಒಂದೇ ಬದಿಯ ತಿರುಪುಗಳಿಗೆ ಪಕ್ಕಪಕ್ಕದಲ್ಲಿ ಜೋಡಿಸಿದರೆ ಅವು 4 ಓಮಾಗುವುವೆಂಬುದನ್ನೂ ಮರೆಯಬಾರದು. ಇನ್ನೊಂದು ಮೋಸವೂ ಇಲ್ಲಿಯೇ ಉಂಟು: ‘50 ವ್ಯಾಟು’ ಎಂದು ಹೇಳಿದ್ದು 4 ಓಮಿಗಾದರೆ, ನಿಮ್ಮ 8 ಓಮಿನ ಸ್ಪೀಕರಿಗೆ ದೊರೆಯುವುದು ಸುಮಾರು 25ರಿಂದ 30 ಮಾತ್ರ.

ಸಣ್ಣದನ್ನು ಹಿಂಡಿದರೆ

ಹಾಗಾದರೆ ತೀರ ಸಣ್ಣ ಆಂಪ್ಲಿಫೈಯರೇ ಸಾಕೆ? ಅದಕ್ಕೂ ಒಂದು ಮಿತಿಯಿದೆ. ತನ್ನ ಶಕ್ತಿಗೆ ಮೀರಿದ್ದನ್ನು ಕೇಳಿದಾಗ ಆಂಪ್ಲಿಫೈಯರು ಸಂಕೇತದ ಅಲೆಯ ನೆತ್ತಿಯನ್ನು ಸಪಾಟಾಗಿ ಕತ್ತರಿಸಿಬಿಡುತ್ತದೆ. ಇದಕ್ಕೆ ‘ಕ್ಲಿಪ್ಪಿಂಗ್’ ಎಂದು ಹೆಸರು. ದನಿ ಒಡೆದು ಕರಕರ ಎನ್ನುವುದೇ ಅದರ ಗುರುತು. ಹೀಗೆ ಕತ್ತರಿಸಿದ ಅಲೆಯಲ್ಲಿ ಮೂಲದಲ್ಲಿಲ್ಲದ ಉಚ್ಚ ಸ್ವರಗಳು ಸೇರಿಕೊಳ್ಳುತ್ತವೆ. ಸರಾಸರಿ ಶಕ್ತಿಯೂ ಏರುತ್ತದೆ. ಅದರ ಪೆಟ್ಟು ಬೀಳುವುದು ಸ್ಪೀಕರಿನ ಟ್ವೀಟರೆಂಬ ಸಣ್ಣ ಭಾಗಕ್ಕೆ. ಹಬ್ಬದ ದಿನ ಸಣ್ಣ ಆಂಪ್ಲಿಫೈಯರನ್ನು ಕೊನೆಯವರೆಗೆ ತಿರುಗಿಸಿ ಟ್ವೀಟರನ್ನು ಸುಟ್ಟುಕೊಂಡವರು ಇದ್ದಾರೆ.

ವಾಲ್ಯೂಮಿನ ಗುಂಡಿ ಅರ್ಧಕ್ಕೆ ನಿಂತಿದೆ, ಇನ್ನರ್ಧ ಶಕ್ತಿ ಉಳಿದಿದೆ ಎಂದು ನಂಬಬೇಡಿ. ಒಳಬರುವ ಸಂಕೇತ ಬಲವಾಗಿದ್ದರೆ ಅರ್ಧಕ್ಕೇ ಪೂರ್ತಿ ಶಕ್ತಿ ಮುಗಿದಿರಬಹುದು. ಗುಂಡಿಯನ್ನಲ್ಲ, ಕಿವಿಯನ್ನು ನಂಬಿ.

ಬದಲಿಸಬೇಕಾದುದು ಯಾವಾಗ?

ನನ್ನ ತಿಳಿವಳಿಕೆಯಲ್ಲಿ ಆಂಪ್ಲಿಫೈಯರು ಬದಲಿಸಲು ನಾಲ್ಕು ಕಾರಣಗಳುಂಟು. ಒಂದು, ನೀವು ಕೇಳುವ ಮಟ್ಟದಲ್ಲಿಯೇ ದನಿ ಒಡೆಯುತ್ತಿದ್ದರೆ. ಎರಡು, ನಿಮ್ಮ ಸ್ಪೀಕರಿನ ಓಮನ್ನು ಅದು ತಾಳಲಾರದಿದ್ದರೆ. ಮೂರು, ಗುಂಯ್ ಎಂಬ ಸದ್ದು ಬರುತ್ತಿದ್ದು, ಅಥವಾ ಒಂದು ಬದಿ ಸತ್ತಿದ್ದು, ರಿಪೇರಿಯ ಖರ್ಚು ಹೊಸದರ ಬೆಲೆಯನ್ನು ಮುಟ್ಟುತ್ತಿದ್ದರೆ. ನಾಲ್ಕು, ಬೇಕಾದ ಜೋಡಣೆ ಇಲ್ಲದಿದ್ದರೆ: ಫೋನಿಗೆ ಬ್ಲೂಟೂತ್, ಟಿ.ವಿ.ಗೆ ಆಪ್ಟಿಕಲ್ ಇತ್ಯಾದಿ. ತಟ್ಟೆ ಹಾಕಿ ಕೇಳುವವರು ‘ಫೋನೋ’ ಎಂಬ ಜೋಡಣೆಯನ್ನು ನೋಡಬೇಕು. ಸಿ.ಡಿ. ಯಂತ್ರದ ಸಂಕೇತ 2 ವೋಲ್ಟಿನಷ್ಟಿದ್ದರೆ, ಮ್ಯಾಗ್ನೆಟ್ ಮುಳ್ಳಿನ ಸಂಕೇತ 1 ವೋಲ್ಟಿನ ಸಾವಿರದಲ್ಲಿ ಐದು ಪಾಲಿನಷ್ಟು ಮಾತ್ರ. ಆದರೆ ಅದಕ್ಕೂ ಆಂಪ್ಲಿಫೈಯರನ್ನೇ ಬದಲಿಸಬೇಕೆಂದಿಲ್ಲ. ಬೇರೆಯಾಗಿ ಒಂದು ಸಣ್ಣ ಫೋನೋ ಪೆಟ್ಟಿಗೆ ಸಿಗುತ್ತದೆ. ಬ್ಲೂಟೂತಿಗೂ ಹಾಗೆಯೇ.

ಈ ನಾಲ್ಕರಲ್ಲಿ ಒಂದೂ ಇಲ್ಲದೆ ‘ದನಿ ಚೆನ್ನಾಗಿಲ್ಲ’ ಎಂದಷ್ಟೇ ಅನಿಸಿದರೆ ಮೊದಲು ಖರ್ಚಿಲ್ಲದ ಕೆಲಸಗಳನ್ನು ಮಾಡಿ. ತಂತಿಯ ಕೆಂಪು-ಕಪ್ಪು ನೋಡಿ. ಸ್ಪೀಕರುಗಳನ್ನು ಕಪಾಟಿನ ಮೇಲಿನಿಂದ ಇಳಿಸಿ, ಕುಳಿತವರ ಕಿವಿಯ ಮಟ್ಟಕ್ಕೆ ಇಡಿ. ಎರಡಕ್ಕೂ ನಿಮಗೂ ಇರುವ ದೂರ ಸಮವಾಗಿರಲಿ. ಮೂಲೆಗೆ ಒತ್ತಿದರೆ ಗಂಭೀರ ಸ್ವರ ಹೆಚ್ಚಿ ಗುಡುಗುಡು ಎನ್ನುತ್ತದೆ; ಗೋಡೆಯಿಂದ ಸ್ವಲ್ಪ ಮುಂದೆ ತನ್ನಿ. ತಂತಿಗೆ ಸಾವಿರಗಟ್ಟಲೆ ಸುರಿಯಬೇಡಿ. ಐದು ಮೀಟರಿನೊಳಗೆ 1.5 ಚದರ ಮಿಲಿಮೀಟರಿನ ಸಾಧಾರಣ ತಾಮ್ರದ ತಂತಿ ಸಾಕು. ಇಷ್ಟಾದ ಮೇಲೂ ತೃಪ್ತಿಯಿಲ್ಲದಿದ್ದರೆ ಹಣವನ್ನು ಸ್ಪೀಕರಿಗೆ ಹಾಕುವುದು ಲೇಸು. 86ರ ಬದಲು 89 ಡೆಸಿಬೆಲಿನ ಸ್ಪೀಕರು ತಂದರೆ, ಅದೇ ಆಂಪ್ಲಿಫೈಯರಿನ ವ್ಯಾಟನ್ನು ಎರಡು ಪಾಲು ಮಾಡಿದಂತೆಯೇ ಆಯಿತು.

ಅಂಗಡಿಯಲ್ಲಿ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಾಗಲಿ, ಚೆನ್ನೈಯ ರಿಚಿ ಸ್ಟ್ರೀಟಾಗಲಿ, ದಿಲ್ಲಿಯ ಲಜಪತರಾಯ್ ಮಾರ್ಕೆಟ್ಟಾಗಲಿ, ಹೋಗುವ ಮುನ್ನ ನಿಮ್ಮ ಸ್ಪೀಕರಿನ ಓಮು, ಸೆನ್ಸಿಟಿವಿಟಿ ಎರಡನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ನಿಮಗೆ ಚಿರಪರಿಚಿತವಾದ ಹಾಡನ್ನೇ ಹಾಕಿಸಿ. ಎರಡು ಆಂಪ್ಲಿಫೈಯರುಗಳನ್ನು ಹೋಲಿಸುವಾಗ ಸ್ಪೀಕರು ಅದೇ ಇರಲಿ, ಧ್ವನಿಯ ಮಟ್ಟವೂ ಅಷ್ಟೇ ಇರಲಿ. ಏಕೆಂದರೆ ಸ್ವಲ್ಪ ಜೋರಾಗಿ ನುಡಿದದ್ದೇ ಕಿವಿಗೆ ಉತ್ತಮವೆನಿಸುವುದು. ಮಾರುವವರಿಗೆ ಈ ಗುಟ್ಟು ಗೊತ್ತು. ಹಾಡು ನಿಲ್ಲಿಸಿ, ಸ್ಪೀಕರಿನ ಹತ್ತಿರ ಕಿವಿಯಿಟ್ಟು ಗುಂಯ್‌ಗುಡುವುದೇ ನೋಡಿ. ತಂಬೂರಿಯ ನಾದ ಒಡೆಯದೆ ಹರಿಯಬೇಕು. ತಬಲದ ಎಡದ ಪೆಟ್ಟು ಬಿಗಿಯಾಗಿ ಬಂದು ನಿಲ್ಲಬೇಕು. ಆರ್.ಎಂ.ಎಸ್. ವ್ಯಾಟನ್ನೂ ಓಮನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಹಿಂದಿರುಗಿಸುವ ಷರತ್ತನ್ನು ಹಣ ಕೊಡುವ ಮೊದಲೇ ಕೇಳಿ.

ಮನೆಗೆ ತಂದ ಮೇಲೆ ಸ್ವಿಚ್ಚು ಆರಿಸಿಯೇ ತಂತಿ ಕಟ್ಟಿರಿ. ಮುಚ್ಚಳ ಬಿಚ್ಚಬೇಡಿ, ಪ್ಲಗ್ಗು ತೆಗೆದ ಮೇಲೂ ಒಳಗೆ ವಿದ್ಯುತ್ತು ಉಳಿದಿರಬಹುದು. ಮೇಲೆ ಬಟ್ಟೆ ಹೊದಿಸಬೇಡಿ. ನೆರೆಯವರನ್ನೂ ನೆನೆಯಿರಿ: 2000ದ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45.

ನಮ್ಮ ಮಿತ್ರರ ಕಥೆಯನ್ನು ಮುಗಿಸುತ್ತೇನೆ. ಅಂದು ತಂತಿ ಸರಿಪಡಿಸಿ, ಹಳೆಯ ಆಂಪ್ಲಿಫೈಯರನ್ನೇ ಮತ್ತೆ ಜೋಡಿಸಿ ಅದೇ ಪದ ಹಾಕಿದೆವು. ಒಳಗಿನಿಂದ ತಾಯಿ ಬಂದು ಬಾಗಿಲಲ್ಲಿ ನಿಂತು, “ಈಗ ಖರೇ ಅವರು ಬಂದ್ರು ನೋಡು” ಎಂದರು. ಅಂಗಡಿಯವರು ಹೊಸದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮುಕ್ಕಾಲು ಬೆಲೆಗೆ ಬೇರೊಬ್ಬರಿಗೆ ಮಾರಿ, ಬಂದ ಹಣವನ್ನು ಹೆಂಚಿಗೆಂದು ಊರಿಗೆ ಕಳಿಸಿದರು. ಕಳೆದ ಕಾಲು ಪಾಲು ಅವರಿಗೆ ಪಾಠದ ಫೀಜಾಯಿತು. ಅದನ್ನು ನೀವೂ ಕಟ್ಟಬೇಕಾಗಿಲ್ಲ. ಕೊಳ್ಳುವ ಯೋಚನೆಯಿರುವವರು ಸ್ಪೀಕರಿನ ಅಂಕಿಗಳನ್ನು ಬರೆದುಕೊಂಡು ಸಂಜೆ ವಾಚನಾಲಯಕ್ಕೆ ಬನ್ನಿ. ಒಟ್ಟಿಗೆ ಕುಳಿತು ಲೆಕ್ಕ ಹಾಕೋಣ.