ಟ್ಯೂಷನ್‌ಗೆ ಹಣ ಕಟ್ಟುವ ಮುನ್ನ: ಪೋಷಕರಿಗೂ ದಾನಿಗಳಿಗೂ ಒಂದು ವಿವರಣೆ



ಶಾಲಾ ಶುಲ್ಕ, ಪುಸ್ತಕ, ಸಮವಸ್ತ್ರಕ್ಕೆ ನೆರವು ಕೋರಿ ಬರುವ ಅರ್ಜಿಗಳ ಜೊತೆಗೆ ಈಚಿನ ವರ್ಷಗಳಲ್ಲಿ ಟ್ಯೂಷನ್ ಶುಲ್ಕಕ್ಕೂ ಅರ್ಜಿಗಳು ಬರುತ್ತಿವೆ. ತಿಲಕ್‌ನಗರ, ಗುರಪ್ಪನಪಾಳ್ಯ, ಯಾರಬ್ ನಗರ, ಇಲಿಯಾಸ್ ನಗರದ ಎಷ್ಟೋ ಮನೆಗಳಲ್ಲಿ ತಾಯಂದಿರು ಒಡವೆ ಅಡವಿಟ್ಟು ಶುಲ್ಕ ಕಟ್ಟಿದ ಮೇಲೆ ನಮ್ಮ ಬಳಿ ಬರುತ್ತಾರೆ. "ಎಲ್ಲರೂ ಕಳಿಸುತ್ತಾರೆ ಸರ್, ನಾವು ಕಳಿಸದಿದ್ದರೆ ಮಗು ಹಿಂದೆ ಬೀಳುತ್ತದೆ" ಎನ್ನುತ್ತಾರೆ. ಎಲ್ಲರೂ ಕಳಿಸುವುದಿಲ್ಲ. ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ನಡೆಸಿದ ಶಿಕ್ಷಣ ಸಮೀಕ್ಷೆಯ ಪ್ರಕಾರ ಟ್ಯೂಷನ್ ಪಡೆಯುವ ಮಕ್ಕಳು ದೇಶದಲ್ಲಿ ಶೇ 27, ನಗರಗಳಲ್ಲಿ ಸುಮಾರು ಶೇ 31. ಉಳಿದವರು ಅದಿಲ್ಲದೆಯೇ ಓದುತ್ತಿದ್ದಾರೆ.

ನಮ್ಮ ಕೈಯಲ್ಲಿರುವುದು ಝಕಾತ್ ಮತ್ತು ಸದಕಾದ ಹಣ, ಅಂದರೆ ಅಮಾನತು. ಅದನ್ನು ಖರ್ಚು ಮಾಡುವಾಗ ಒಮ್ಮೆ ನಾವೇ ಎಡವಿದ್ದೇವೆ. ಎಂಟನೇ ತರಗತಿಯ ಒಬ್ಬ ಹುಡುಗನಿಗೆ ಒಂದು ಕೋಚಿಂಗ್ ಸಂಸ್ಥೆಯ 'ಫೌಂಡೇಷನ್' ತರಗತಿಗೆಂದು ಇಡೀ ವರ್ಷದ ಶುಲ್ಕ ಒಂದೇ ಕಂತಿನಲ್ಲಿ ಕಟ್ಟಿದೆವು. ಮೂರೇ ತಿಂಗಳಲ್ಲಿ ಅವನು ಹೋಗುವುದನ್ನು ಬಿಟ್ಟ. ಕೂರಿಸಿಕೊಂಡು ವಿಚಾರಿಸಿದಾಗ ಅವನಿಗೆ ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಲು ಬರುತ್ತಿರಲಿಲ್ಲ. ಅಲ್ಲಿ ನಡೆಯುತ್ತಿದ್ದುದು ಹತ್ತನೇ ತರಗತಿ ಮಟ್ಟದ ಬೀಜಗಣಿತ. ಹಣ ವಾಪಸ್ಸು ಬರಲಿಲ್ಲ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ತನ್ನ ತಲೆಗೆ ಗಣಿತ ಹತ್ತುವುದಿಲ್ಲ ಎಂದು ಹುಡುಗ ನಂಬಿಬಿಟ್ಟಿದ್ದ. ಅವನಿಗೆ ಬೇಕಾಗಿದ್ದುದು ಭಿನ್ನರಾಶಿಯ ಪಾಠ. ಆ ಮಾತನ್ನು ನಾವು ಮೊದಲೇ ಕೇಳಿ ತಿಳಿಯಲಿಲ್ಲ.

ಮೊದಲು ತೊಡಕು ಯಾವುದೆಂದು ನೋಡಿ

ಟ್ಯೂಷನ್ ಬೇಕೇ ಎಂದು ಕೇಳುವ ಮೊದಲು ಮಗು ಎಲ್ಲಿ ನಿಂತಿದೆ ಎಂದು ನೋಡಬೇಕು. ಮಗುವಿನ ಕೊನೆಯ ಎರಡು ಪರೀಕ್ಷೆಗಳ ಉತ್ತರ ಪತ್ರಿಕೆ ತೆಗೆಯಿರಿ. ತಪ್ಪಾದ ಪ್ರತಿಯೊಂದು ಪ್ರಶ್ನೆಯನ್ನೂ ಮಗು ಗಟ್ಟಿಯಾಗಿ ಓದಿ, ಅದರ ಅರ್ಥವನ್ನು ಮನೆಮಾತಿನಲ್ಲಿ ಹೇಳಲಿ. ಇದನ್ನು ಓದುಬರಹ ಬಾರದ ತಾಯಿಯೂ ಮಾಡಬಹುದು. ಮಗು ಪ್ರಶ್ನೆಯ ಅರ್ಥ ಹೇಳಲಾರದೆ ತಡವರಿಸಿದರೆ ತೊಡಕು ಭಾಷೆಯದು. ಅರ್ಥ ಹೇಳಿಯೂ ಲೆಕ್ಕ ತಪ್ಪಿದರೆ ತೊಡಕು ಹಿಂದಿನ ತರಗತಿಗಳ ಪಾಠದ್ದು. ಮನೆಯಲ್ಲಿ ಸರಿಯಾಗಿ ಮಾಡಿ ಪರೀಕ್ಷೆಯಲ್ಲಿ ಬಿಟ್ಟಿದ್ದರೆ ಅದು ಅಭ್ಯಾಸದ ಕೊರತೆ.

ಒಂದೊಂದು ತೊಡಕಿಗೆ ಒಂದೊಂದು ದಾರಿ

ಹಿಂದಿನ ಪಾಠ ಬಾರದ ಮಗುವಿಗೆ ಟ್ಯೂಷನ್ ನಿಜವಾಗಿ ಫಲ ಕೊಡುತ್ತದೆ, ಆದರೆ ಮಗು ನಿಂತಲ್ಲಿಂದಲೇ ಪಾಠ ಆರಂಭವಾಗಬೇಕು. 2001ರಿಂದ 2003ರವರೆಗೆ ಮುಂಬೈ ಮತ್ತು ವಡೋದರಾದ ಶಾಲೆಗಳಲ್ಲಿ 'ಪ್ರಥಮ್' ಸಂಸ್ಥೆ ಹಿಂದುಳಿದ ಮಕ್ಕಳನ್ನು 15–20ರ ಗುಂಪು ಮಾಡಿ, ಪ್ರೌಢಶಾಲೆ ಮುಗಿಸಿದ ಸ್ಥಳೀಯ ಯುವತಿಯರಿಂದ ದಿನಕ್ಕೆ 2 ಗಂಟೆ ಓದು ಮತ್ತು ಲೆಕ್ಕ ಹೇಳಿಸಿತು. ಮುಂದೆ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಫಲಿತಾಂಶ ಅಳೆದಾಗ, ತೀರ ಹಿಂದಿದ್ದ ಮಕ್ಕಳೇ ಹೆಚ್ಚು ಮುಂದೆ ಬಂದಿದ್ದರು. ಇದಕ್ಕೆ ಹವಾನಿಯಂತ್ರಿತ ಕೋಣೆ ಬೇಕಾಗಲಿಲ್ಲ, ದೊಡ್ಡ ಶುಲ್ಕವೂ ಬೇಕಾಗಲಿಲ್ಲ.

ಭಾಷೆಯ ತೊಡಕು ನಮ್ಮ ಮಕ್ಕಳಲ್ಲಿ ಹೆಚ್ಚು. ಮನೆಯಲ್ಲಿ ದಖನಿ, ಪ್ರಾಥಮಿಕ ಶಾಲೆಯಲ್ಲಿ ಉರ್ದು, ಪ್ರೌಢಶಾಲೆಗೆ ಬಂದೊಡನೆ ಇಂಗ್ಲಿಷ್, ನಡುವೆ ಕನ್ನಡ. ಇಂಥ ಮಗುವನ್ನು ವಿಜ್ಞಾನದ ಟ್ಯೂಷನ್‌ಗೆ ಹಾಕಿದರೆ ಅದೇ ಅರ್ಥವಾಗದ ಮಾತನ್ನು ಎರಡನೇ ಸಲ ಕೇಳಿಸಿದಂತಾಗುತ್ತದೆ. ಆರು ತಿಂಗಳು ಇಂಗ್ಲಿಷ್ ಮತ್ತು ಕನ್ನಡ ಓದಿಸುವುದು ಮೇಲು.

ಇನ್ನು ಕೆಲವು ಮನೆಗಳಲ್ಲಿ ಮಗುವಿಗೆ ಪಾಠದ ಕೊರತೆಯಿಲ್ಲ, ಕುಳಿತು ಓದಲು ಜಾಗವಿಲ್ಲ. ಒಂದೇ ಕೋಣೆ, ಅದರಲ್ಲೇ ಅಡುಗೆ, ಟಿವಿ, ಚಿಕ್ಕ ಮಕ್ಕಳು. ಅಂಥ ಪೋಷಕರು ಟ್ಯೂಷನ್ ಹೆಸರಿನಲ್ಲಿ ಕೊಳ್ಳುತ್ತಿರುವುದು ಶಾಂತವಾದ ಒಂದು ಮೂಲೆಯನ್ನು. ಅದಕ್ಕೆ ಗ್ರಂಥಾಲಯವೋ, ಮಸೀದಿಯ ಖಾಲಿ ಕೋಣೆಯೋ ಸಾಕಾಗಬಹುದು. ದಾನಿಗಳು ಇಂಥ ಜಾಗ ಕೊಡಲು ಮುಂದಾದರೆ ಅದು ಹತ್ತು ಮಕ್ಕಳ ಟ್ಯೂಷನ್ ಶುಲ್ಕಕ್ಕೆ ಸಮ.

ಮಗುವಿನ ದಿನವನ್ನೂ ಲೆಕ್ಕ ಹಾಕಿ. ಶಾಲೆ, ಅಸ್ರ್ ನಂತರ ಮದ್ರಸಾ, ಮಗ್ರಿಬ್ ನಂತರ ಟ್ಯೂಷನ್. ಮನೆಗೆ ಬರುವಾಗ ರಾತ್ರಿ ಒಂಬತ್ತು. ಕಲಿತದ್ದನ್ನು ತಾನೇ ಒಮ್ಮೆ ಬರೆದು ನೋಡುವ ಹೊತ್ತು ಎಲ್ಲಿದೆ?

ಹಣವಿಲ್ಲದೆ ಸಿಗುವುದನ್ನು ಮೊದಲು ಪಡೆಯಿರಿ

ಕಲಿಕೆಯಲ್ಲಿ ಹಿಂದಿರುವ ಮಗುವಿಗೆ ಹೆಚ್ಚುವರಿ ಪಾಠ ಹೇಳುವುದು ಶಿಕ್ಷಣ ಹಕ್ಕು ಕಾಯ್ದೆ–2009ರ ಪ್ರಕಾರ ಶಿಕ್ಷಕರ ಕರ್ತವ್ಯ. ಅದೇ ಕಾಯ್ದೆ ಶಿಕ್ಷಕರು ಖಾಸಗಿ ಟ್ಯೂಷನ್ ನಡೆಸುವುದನ್ನು ನಿಷೇಧಿಸಿದೆ. ಆದ್ದರಿಂದ ಮೊದಲು ಶಾಲೆಗೆ ಹೋಗಿ ವಿನಯದಿಂದ ಕೇಳಿ. ರಾಜ್ಯದ ಪಠ್ಯಪುಸ್ತಕಗಳೂ ಎಸ್ಸೆಸ್ಸೆಲ್ಸಿ ಮಾದರಿ ಪ್ರಶ್ನೆಪತ್ರಿಕೆಗಳೂ ಸರ್ಕಾರಿ ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ಜೆಇಇ, ನೀಟ್ ತಯಾರಿಗೆ ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರದ 'ಸಾಥೀ' ಜಾಲತಾಣ ಉಚಿತವಾಗಿದೆ.

ಸರ್ಕಾರಿ ಅಥವಾ ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಎನ್‌ಎಂಎಂಎಸ್ ಪರೀಕ್ಷೆ ಇದೆ. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಎಂಟನೇ ತರಗತಿಯಲ್ಲಿ ತಯಾರಿ ಮಾಡಿಸುವುದಾದರೆ ಇದಕ್ಕೆ ಮಾಡಿಸಿ. ಪಿಯುಸಿಯವರು ನೆನಪಿಡಬೇಕಾದದ್ದು: ಎಂಜಿನಿಯರಿಂಗ್ ರ್‍ಯಾಂಕ್‌ಗೆ ಕೆಸಿಇಟಿ ಅಂಕ ಅರ್ಧ, ಪಿಯುಸಿಯ ವಿಷಯಗಳ ಅಂಕ ಅರ್ಧ. ಕೋಚಿಂಗ್‌ಗಾಗಿ ಕಾಲೇಜಿನ ಪಾಠ ತಪ್ಪಿಸಿದರೆ ಪೆಟ್ಟು ಬೀಳುವುದು ಅಲ್ಲೇ.

ಕಟ್ಟಲೇಬೇಕಾದರೆ

ಕೇಂದ್ರ ಸರ್ಕಾರ 2024ರ ಜನವರಿಯಲ್ಲಿ ರಾಜ್ಯಗಳಿಗೆ ಕಳಿಸಿದ ಮಾರ್ಗಸೂಚಿಯಲ್ಲಿ, ಕೋಚಿಂಗ್ ಕೇಂದ್ರಗಳು 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ರ್‍ಯಾಂಕ್ ಖಾತರಿ ಎಂದು ಹೇಳಬಾರದು, ರಸೀದಿ ಕೊಡಬೇಕು, ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು 10 ದಿನಗಳಲ್ಲಿ ಹಿಂದಿರುಗಿಸಬೇಕು ಎಂದಿದೆ. ಸೇರುವ ಮೊದಲೇ ಈ ಮಾತುಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಶುಲ್ಕವನ್ನು ತಿಂಗಳು ತಿಂಗಳು ಕಟ್ಟಿ. ಕೋರ್ಸಿನ ಹೆಸರಿನಲ್ಲಿ ಕಂತಿನ ಸಾಲಕ್ಕೆ ಸಹಿ ಹಾಕಬೇಡಿ. ಬೆಂಗಳೂರಿನಲ್ಲೇ ಬೆಳೆದು ದೇಶಕ್ಕೆಲ್ಲ ಹೆಸರಾದ ಬೈಜೂಸ್‌ನ ಮೇಲೆಯೇ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ದೊಡ್ಡ ಹೆಸರು ನಮ್ಮ ಮುಂಗಡ ಹಣಕ್ಕೆ ಜಾಮೀನಲ್ಲ.

ಈ ಸಾಲಿನ ಅರ್ಜಿದಾರರಿಗೆ ಸೂಚನೆ

1. ಟ್ಯೂಷನ್ ನೆರವಿನ ಅರ್ಜಿಯೊಂದಿಗೆ ಕೊನೆಯ ಎರಡು ಪರೀಕ್ಷೆಗಳ ಉತ್ತರ ಪತ್ರಿಕೆ ಲಗತ್ತಿಸಬೇಕು. ಸಮಿತಿಯ ಸದಸ್ಯರು ಮಗುವಿನೊಂದಿಗೆ ಕುಳಿತು ನೋಡುತ್ತಾರೆ. ಇದು ಪರೀಕ್ಷೆಯಲ್ಲ, ಯಾವ ಮಗುವೂ ಹೆದರಬೇಕಾಗಿಲ್ಲ.

2. ನೆರವು ಮೂರು ತಿಂಗಳಿಗೆ ಮಾತ್ರ. ಪ್ರಗತಿ ನೋಡಿ ಮುಂದುವರಿಸಲಾಗುವುದು.

3. ಎಂಟು, ಒಂಬತ್ತನೇ ತರಗತಿಯ 'ಫೌಂಡೇಷನ್' ಕೋರ್ಸ್‌ಗಳಿಗೆ ನೆರವಿಲ್ಲ.

4. ಮನೆಯಲ್ಲಿ ಅಕ್ಕನೋ ತಂಗಿಯೋ ಶುಲ್ಕವಿಲ್ಲದೆ ಓದು ನಿಲ್ಲಿಸಿದ್ದರೆ ಮೊದಲು ಆಕೆಯ ಕಾಲೇಜು ಶುಲ್ಕ, ಆಮೇಲೆ ಅಣ್ಣತಮ್ಮಂದಿರ ಟ್ಯೂಷನ್.

5. ಹಿಂದೆ ನಮ್ಮ ವಿದ್ಯಾರ್ಥಿವೇತನ ಪಡೆದವರು ವಾರಕ್ಕೆ ಎರಡು ಸಂಜೆ ಚಿಕ್ಕವರಿಗೆ ಪಾಠ ಹೇಳಲು ಮುಂದೆ ಬರಬೇಕೆಂದು ಕೋರುತ್ತೇವೆ.

ಮೊದಲು ಹೇಳಿದ ಹುಡುಗನಿಗೆ ಕೊನೆಗೆ ಭಿನ್ನರಾಶಿ ಕಲಿಸಿದ್ದು ಇಂಥ ಒಬ್ಬ ಹಳೆಯ ವಿದ್ಯಾರ್ಥಿನಿ, ಒಂದು ರೊಟ್ಟಿಯನ್ನು ತುಂಡು ಮಾಡಿ ತೋರಿಸುತ್ತಾ. ಅವನು ಈಗಲೂ ಗಣಿತದಲ್ಲಿ ಮೊದಲಿಗನೇನಲ್ಲ. ಆದರೆ ಬಾರದಿದ್ದರೆ ಕೈಯೆತ್ತಿ ಕೇಳುತ್ತಾನೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನೂ ನಮಗೆ ಅಮಾನತು ಕಾಯುವ ಶಕ್ತಿಯನ್ನೂ ಕೊಡಲಿ. ಆಮೀನ್.

ವಿದ್ಯಾರ್ಥಿವೇತನ ಸಮಿತಿಯ ಪರವಾಗಿ