ಉಳಿದ ಉಸಿರು

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಶರಣರ ಪರುಷ ಬಟ್ಟಲನ್ನು ಎತ್ತಿ ಭಕ್ತರಿಗೆ ದರ್ಶನ ಮಾಡಿಸುತ್ತಾರೆ. ದಾಸೋಹ ನಡೆಸಿದವರ ನೆನಪಿಗೆ ಬಟ್ಟಲು ತಕ್ಕುದೇ ಸರಿ. ಆದರೆ ಉಸಿರನ್ನೇ ನಾದವಾಗಿಸಿದವರ ನೆನಪಿಗೆ ಏನನ್ನು ಎತ್ತಿ ತೋರಿಸೋಣ? 2019ರ ಅಕ್ಟೋಬರ್ 11ರಂದು ಅಗಲಿದ ಸ್ಯಾಕ್ಸೋಫೋನ್ ವಾದಕ ಕದ್ರಿ ಗೋಪಾಲನಾಥರನ್ನು ನೆನೆದಾಗಲೆಲ್ಲ ಈ ಪ್ರಶ್ನೆ ನಮ್ಮನ್ನು ಕಾಡುತ್ತದೆ.

ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ನಾಗಸ್ವರ ವಾದಕರೊಬ್ಬರ ಮಗ ಅವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯ ಮಿಲಿಟರಿ ಬ್ಯಾಂಡಿನಲ್ಲಿ ಟ್ಯೂಬಾದ ನೆರೆಯದು. ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಅದರ ಕೀಲಿಗಳಿಗೆ ಸುಲಭವಾಗಿ ಒಗ್ಗದು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರರಲ್ಲಿ ಕಲಿತು, ವರ್ಷಗಟ್ಟಲೆ ಸಾಧನೆ ಮಾಡಿ, ವಾದ್ಯವನ್ನೂ ತಮಗೆ ಬೇಕಾದಂತೆ ತಿದ್ದಿಕೊಂಡು, ಅದಕ್ಕೆ ಕರ್ನಾಟಕ ಸಂಗೀತವನ್ನು ನುಡಿಯಲು ಕಲಿಸಿದರು. (ವಾದ್ಯಗಳಿಗೂ ಮತವನ್ನು ಹಚ್ಚುವವರು ಇದನ್ನು ಗಮನಿಸಬೇಕು.) 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯೇರಿದರು, 2004ರಲ್ಲಿ ಪದ್ಮಶ್ರೀ ಬಂತು.

ಪದಕಗಳಿಗಿಂತ ಅವರ ಹಳೆಯ ಧ್ವನಿಸುರುಳಿಗಳೇ ನಮಗೆ ಪ್ರಿಯ. ಕಿವಿಗೊಟ್ಟರೆ, ಒಂದು ಸ್ವರಸಂಚಾರ ಮುಗಿದು ಇನ್ನೊಂದು ತೊಡಗುವ ಮುನ್ನ ಅವರು ಉಸಿರೆಳೆದುಕೊಳ್ಳುವುದೂ ಕೇಳಿಸುತ್ತದೆ.